ಧಾರವಾಡದಲ್ಲಿ ಕೂತು ಜೋ ಹ್ಯಾರಿಯಟ್ ಅವರನ್ನು ಹುಡುಕುವುದು: ಫ್ರೀ ಜಾಝ್ ಕಲಾವಿದರೊಬ್ಬರ ಬದುಕು, ರೆಕಾರ್ಡಿಂಗ್ ಅಧ್ಯಯನಕ್ಕೆ ಸಮಗ್ರ ಮಾರ್ಗದರ್ಶಿ

ಒಂದು ಮಧ್ಯಾಹ್ನ ಊಟ ಮುಗಿಸಿ ಮೊಬೈಲಿನಲ್ಲಿ ಗೌಡ ಸಾರಂಗ ಹುಡುಕುತ್ತಿದ್ದೆ. ಹೊತ್ತು ನೋಡಿ ರಾಗ ಹಾಕಿಕೊಳ್ಳುವ ಚಟ ನಮ್ಮ ಧಾರವಾಡದ ಮಂದಿಗೆ ಜಾಸ್ತಿ. ಖಯಾಲ್‌ಗಳ ನಡುವೆ ಗುರುತಿಲ್ಲದ ಒಂದು ಹೆಸರು ಕಾಣಿಸಿತು. ಒತ್ತಿದೆ. ಸಿತಾರ, ತಬಲಾ, ತಂಬೂರಿಯ ಜೊತೆಗೆ ಸ್ಯಾಕ್ಸೋಫೋನ್! ಹಿಂದೆ ಡ್ರಮ್ಸ್, ಪಿಯಾನೋ. ಪಕ್ಕದ ಮನೆಯ ಕಾಕಾ ಹಾರ್ಮೋನಿಯಂ ಕಲಿಸುವವರು. ಕಾಂಪೌಂಡ್ ಗೋಡೆಯ ಆಚೆಯಿಂದ ಕೇಳಿದರು:

"ಯಾರಪಾ ಅಂವ, ಊದಾಕತ್ತಾಂವ?"

"ಗೊತ್ತಿಲ್ರೀ ಕಾಕಾ."

"ಗೊತ್ತಿಲ್ಲಂದ್ರ ಹುಡುಕು. ಹಂಗ ಬಿಡಬ್ಯಾಡ."

ಅದು 'ಇಂಡೋ-ಜಾಝ್ ಸೂಟ್' ಅನ್ನುವ ರೆಕಾರ್ಡು, ಊದುತ್ತಿದ್ದವರು ಜೋ ಹ್ಯಾರಿಯಟ್. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1928ರಲ್ಲಿ ಹುಟ್ಟಿ, 1951ರಲ್ಲಿ ಇಂಗ್ಲೆಂಡಿಗೆ ಹೋಗಿ, 1973ರ ಜನವರಿ 2ರಂದು ಸೌತಾಂಪ್ಟನ್ನಿನಲ್ಲಿ ತೀರಿಕೊಂಡವರು. ಆಗ ಅವರಿಗೆ 44 ವರ್ಷ. ಯುರೋಪಿನಲ್ಲಿ ಫ್ರೀ ಜಾಝ್ ಶುರು ಮಾಡಿದವರಲ್ಲಿ ಇವರದು ಮೊದಲ ಸಾಲಿನ ಹೆಸರು. ಅವರನ್ನು ಹುಡುಕುತ್ತಾ ನಾನು ಕಲಿತ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಕಲಾವಿದರು ಬೇರೆ ಯಾರೇ ಆಗಿರಲಿ, ದಾರಿ ಹೆಚ್ಚು ಕಡಿಮೆ ಇದೇ.

ಹಂತ 1: ಒಬ್ಬರನ್ನು ಹಿಡಿಯಿರಿ, ಒಂದೇ ಪ್ರಶ್ನೆ ಕೇಳಿ

"ಫ್ರೀ ಜಾಝ್ ಬಗ್ಗೆ ತಿಳಿದುಕೊಳ್ಳಬೇಕು" ಅಂತ ಹೊರಟರೆ ವಾರದಲ್ಲೇ ದಣಿವಾಗುತ್ತದೆ. ಒಬ್ಬರನ್ನು ಆರಿಸಿಕೊಳ್ಳಿ. ಅವರ ಬಗ್ಗೆ ನಿಮಗೆ ನಿಜವಾಗಿಯೂ ಕಾಡುವ ಒಂದು ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ನನ್ನದು ಹೀಗಿತ್ತು: ಸ್ವರ, ತಾಳ ಎಲ್ಲದರ ಕಟ್ಟು ಬಿಚ್ಚಿದ ಮನುಷ್ಯ ನಾಲ್ಕೈದು ವರ್ಷದಲ್ಲೇ ರಾಗದ ಕಟ್ಟಿಗೆ ಯಾಕೆ ಬಂದರು? ಮುಂದಿನ ಹುಡುಕಾಟಕ್ಕೆಲ್ಲ ಈ ಪ್ರಶ್ನೆಯೇ ಜರಡಿ.

ಹಂತ 2: ಓದುವ ಮೊದಲು ಕೇಳಿ

ಫ್ರೀ ಜಾಝ್ ಅಂದರೆ ಮನಸ್ಸಿಗೆ ಬಂದ ಹಾಗೆ ಗದ್ದಲ ಮಾಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸಾಮಾನ್ಯ ಜಾಝ್‌ನಲ್ಲಿ ಒಂದು ಹಾಡಿನ ಸ್ವರಮೇಳಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸಾಲು ಮೊದಲೇ ಗೊತ್ತಿರುತ್ತದೆ. ಅದು ನಮ್ಮ ಠೇಕಾದ ಹಾಗೆ ಸುತ್ತುತ್ತಾ ಇರುತ್ತದೆ, ಅದರ ಮೇಲೆ ಕಲಾವಿದರು ಬೆಳೆಸುತ್ತಾ ಹೋಗುತ್ತಾರೆ. ಫ್ರೀ ಜಾಝ್‌ನಲ್ಲಿ ಆ ಸಾಲನ್ನೇ ಬಿಡಬಹುದು, ಲಯವನ್ನೂ ಬಿಡಬಹುದು. ಆಗ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದೊಂದೇ ಆಧಾರ.

ಇದನ್ನು ಆಲಾಪಕ್ಕೆ ಹೋಲಿಸುವ ಆಸೆ ನಮಗೆ ಸಹಜ. ನನಗೂ ಆಗಿತ್ತು. ಆದರೆ ಆಲಾಪದಲ್ಲಿ ಲಯ ಬಿಟ್ಟರೂ ರಾಗ ಕೈ ಹಿಡಿದಿರುತ್ತದೆ, ಅಲ್ವಾ? ಇಲ್ಲಿ ಅದೂ ಇಲ್ಲ. ಹೋಲಿಕೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ಹ್ಯಾರಿಯಟ್ ಅವರ ಮಟ್ಟಿಗೆ ಶುರು ಮಾಡಬೇಕಾದ್ದು 'ಫ್ರೀ ಫಾರ್ಮ್' ಎಲ್‌ಪಿಯಿಂದ. ಅದರ ನಂತರ ಬಂದ 'ಅಬ್‌ಸ್ಟ್ರ್ಯಾಕ್ಟ್' ಎಲ್‌ಪಿಯ ಕವರಿನ ಟಿಪ್ಪಣಿಯಲ್ಲಿ ಅವರೇ ತಮ್ಮ ಪದ್ಧತಿಯನ್ನು ಬರೆದಿದ್ದಾರೆ. ಜಾಝ್‌ಗೆ ಕೆಲವು ಕಟ್ಟುಗಳಿವೆ: ಒಂದೇ ಸಮನಾದ ತಾಳ, ನಾಲ್ಕರ ನಡೆ, ಗೊತ್ತಿರುವ ಸ್ವರಮೇಳಗಳ ಮೇಲಿನ ಬೆಳವಣಿಗೆ, ಇಷ್ಟು ಆವರ್ತಕ್ಕೆ ಇಷ್ಟು ಅನ್ನುವ ಅಳತೆ. ಪ್ರತಿ ರಚನೆಯಲ್ಲೂ ಇವುಗಳಲ್ಲಿ ಒಂದನ್ನಾದರೂ ಉಳಿಸಿಕೊಳ್ಳುತ್ತೇವೆ, ಬೇಕೆನಿಸಿದರೆ ಉಳಿದದ್ದನ್ನೆಲ್ಲ ಬಿಡುತ್ತೇವೆ ಅನ್ನುವುದು ಅವರ ಮಾತಿನ ಸಾರ.

ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಬೀಗದಕೈ ಇನ್ನೊಂದಿಲ್ಲ. ಒಂದು ಹಾಳೆಯಲ್ಲಿ ಈ ನಾಲ್ಕನ್ನು ಮೇಲೆ ಬರೆದು ಗೆರೆ ಹಾಕಿ. ಎಡಗಡೆ ನಿಮಿಷ, ಸೆಕೆಂಡು. 'ಫ್ರೀ ಫಾರ್ಮ್'ನ ಮೊದಲನೇ ಟ್ರ್ಯಾಕ್ 'ಫಾರ್ಮೇಶನ್' ಹಾಕಿ. ಕೈಯಲ್ಲಿ ಲಯ ಹಿಡಿದು ಎಣಿಸಿ. ಎಲ್ಲಿ ಕೈ ತಪ್ಪುತ್ತದೋ ಅಲ್ಲಿ ಸಮಯ ಬರೆದು, ಯಾವ ಕಟ್ಟು ಬಿಚ್ಚಿತು ಅಂತ ಗುರುತು ಹಾಕಿ. ಮತ್ತೆ ಕೂಡಿಕೊಂಡರೆ ಅದನ್ನೂ ಬರೆಯಿರಿ. ಮೊದಲ ದಿನ ನನ್ನ ಹಾಳೆಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದವು. ಐದನೇ ಸಲಕ್ಕೆ ಬಾಸ್ ಒಂದನ್ನೇ ಹಿಂಬಾಲಿಸಲು ಬಂತು. ಆಮೇಲೆ ಟ್ರಂಪೆಟ್ಟು ಯಾವಾಗ ಸ್ಯಾಕ್ಸೋಫೋನಿಗೆ ಉತ್ತರ ಕೊಡುತ್ತದೆ, ಯಾವಾಗ ಸುಮ್ನೆ ಇರುತ್ತದೆ ಅನ್ನುವುದು ತಿಳಿಯತೊಡಗಿತು. ಒಂದು ಸಲಕ್ಕೆ ಒಂದೇ ವಾದ್ಯ ಕೇಳಿ. ಐದು ಜನರಿದ್ದರೆ ಐದು ಸಲ.

ಇಷ್ಟೆಲ್ಲ ಯಾಕೆ ಅಂದರೆ, ಈ ಸಂಗೀತ ಆ ಹೊತ್ತಿಗೆ ಹುಟ್ಟಿದ್ದು. ಅದರ ಬಹುಪಾಲು ಹಾಳೆಯ ಮೇಲೆ ಇರಲೇ ಇಲ್ಲ. ರೆಕಾರ್ಡಿಂಗ್ ಒಂದೇ ಸಾಕ್ಷಿ. ಬೇರೆಯವರ ಅಭಿಪ್ರಾಯ ಮೊದಲು ಓದಿಬಿಟ್ಟರೆ ನಿಮ್ಮ ಕಿವಿ ಅವರದಾಗುತ್ತದೆ.

ಹಂತ 3: ರೆಕಾರ್ಡಿಂಗ್‌ಗಳ ಪಟ್ಟಿ ಕಟ್ಟಿ

ಇಡೀ ಕೆಲಸದ ಬೆನ್ನೆಲುಬು ಇದು. ಕಂಪ್ಯೂಟರಿನಲ್ಲಿ ಆಗಲಿ, ಲೆಡ್ಜರ್ ಬುಕ್ಕಿನಲ್ಲಿ ಆಗಲಿ, ಒಂದು ಪಟ್ಟಿ ಮಾಡಿ. ರೆಕಾರ್ಡ್ ಆದ ದಿನ, ಜಾಗ, ಯಾರು ಏನು ನುಡಿಸಿದರು, ಹೊರಬಂದ ವರ್ಷ, ಕಂಪನಿ, ಕ್ಯಾಟಲಾಗ್ ನಂಬರು. ಕೊನೆಗೆ ಇನ್ನೆರಡು: ಇದು ನನಗೆ ಎಲ್ಲಿಂದ ಗೊತ್ತಾಯಿತು, ನಾನೇ ಕೇಳಿದ್ದೇನೆಯೋ ಇಲ್ಲವೋ.

ರೆಕಾರ್ಡ್ ಆದ ದಿನ ಬೇರೆ, ಹೊರಬಂದ ವರ್ಷ ಬೇರೆ. ಇವೆರಡನ್ನು ಯಾವತ್ತೂ ಒಂದೇ ಕಾಲಮಿನಲ್ಲಿ ಹಾಕಬೇಡಿ. 'ಫ್ರೀ ಫಾರ್ಮ್' ರೆಕಾರ್ಡ್ ಆಗಿದ್ದು 1960ರಲ್ಲಿ, ಮಾರಾಟಕ್ಕೆ ಬಂದದ್ದು 1961ರಲ್ಲಿ. ಅಮೆರಿಕದ ಆರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' ರೆಕಾರ್ಡ್ ಆಗಿದ್ದು 1960ರ ಡಿಸೆಂಬರ್ 21ರಂದು, ಹೊರಬಂದದ್ದು ಅದೂ 1961ರಲ್ಲೇ. ಹೊರಬಂದ ವರ್ಷ ಮಾತ್ರ ಬರೆದುಕೊಂಡರೆ ಯಾರು ಯಾರಿಂದ ಕಲಿತರು ಅನ್ನುವ ವಾದ ತಳವಿಲ್ಲದ್ದಾಗುತ್ತದೆ.

ನಾನು ಬಿದ್ದ ಗುಂಡಿಗಳನ್ನು ಹೇಳುತ್ತೇನೆ. 'ಅಬ್‌ಸ್ಟ್ರ್ಯಾಕ್ಟ್' ಅನ್ನುವುದು ಹ್ಯಾರಿಯಟ್ ಅವರ ಒಂದು ಎಲ್‌ಪಿಯ ಹೆಸರು. ಆದರೆ ಅದೇ ಹೆಸರಿನ ಟ್ರ್ಯಾಕ್ ಇರುವುದು ಅದಕ್ಕಿಂತ ಮೊದಲಿನ 'ಫ್ರೀ ಫಾರ್ಮ್'ನಲ್ಲಿ! ಎರಡು ವಾರ ನನ್ನ ಪಟ್ಟಿ ಇದರಿಂದ ಕಲಸಿಹೋಗಿತ್ತು. ಇನ್ನೊಂದು, 1969ರ 'ಹಮ್ ದೋನೋ'. ಮುಂಬೈಯಲ್ಲಿ ಹುಟ್ಟಿದ ಗಿಟಾರ್ ವಾದಕ ಅಮಾನ್ಸಿಯೋ ಡಿಸಿಲ್ವಾ ಅವರ ಜೊತೆ ಹ್ಯಾರಿಯಟ್ ಮಾಡಿದ ರೆಕಾರ್ಡು ಅದು. ಹೆಸರಷ್ಟೇ ಹಾಕಿ ಹುಡುಕಿದರೆ ದೇವಾನಂದ್ ಸಿನಿಮಾನೇ ಪುಟಗಟ್ಟಲೆ ಬರುತ್ತದೆ. ಕಲಾವಿದರ ಹೆಸರು, ಕಂಪನಿ, ವರ್ಷ ಮೂರನ್ನೂ ಸೇರಿಸಿ ಹುಡುಕಿ. ಮೂರನೆಯದು ಕಂಪನಿಯ ಹೆಸರು. ಆ ಕಾಲದಲ್ಲಿ ಇಂಗ್ಲೆಂಡಿನ 'ಕೊಲಂಬಿಯಾ' ಇ.ಎಂ.ಐ. ಕಂಪನಿಯ ಲೇಬಲ್. ಅಮೆರಿಕದ 'ಕೊಲಂಬಿಯಾ'ಗೂ ಅದಕ್ಕೂ ಸಂಬಂಧ ಇರಲಿಲ್ಲ. ಇನ್ನು ಲಂಡನ್ನಿನ ಈ ತಂಡದ 'ಫ್ರೀ ಫಾರ್ಮ್' ಬಂದದ್ದು ಅಮೆರಿಕದ ಜಾಝ್‌ಲ್ಯಾಂಡ್ ಲೇಬಲ್ಲಿನಲ್ಲಿ. ಲೇಬಲ್ ನೋಡಿ ದೇಶ ಹೇಳಲು ಹೋಗಬೇಡಿ.

ಈಗ ಜೊತೆಗಾರರು. ಹ್ಯಾರಿಯಟ್ ಅವರ ಪಂಚಕದಲ್ಲಿ ಟ್ರಂಪೆಟ್ಟಿಗೆ ಶೇಕ್ ಕೀನ್, ಪಿಯಾನೋಕ್ಕೆ ಪ್ಯಾಟ್ ಸ್ಮೈಥ್, ಬಾಸ್‌ಗೆ ಕೋಲ್‌ರಿಜ್ ಗೂಡ್, ಡ್ರಮ್ಸ್‌ಗೆ ಫಿಲ್ ಸೀಮನ್. ಹೆಸರುಗಳನ್ನು ಎಲ್‌ಪಿಗೆ ಒಂದು ಸಲ ಬರೆದರೆ ಸಾಲದು, ರೆಕಾರ್ಡ್ ಆದ ದಿನಕ್ಕೆ ಒಂದು ಸಲ ಬರೆಯಬೇಕು. 'ಅಬ್‌ಸ್ಟ್ರ್ಯಾಕ್ಟ್' 1961ರಲ್ಲಿ ಅರ್ಧ, 1962ರಲ್ಲಿ ಅರ್ಧ ರೆಕಾರ್ಡ್ ಆಯಿತು. ನಡುವೆ ಡ್ರಮ್ಸ್ ಫಿಲ್ ಸೀಮನ್ ಅವರಿಂದ ಬಾಬಿ ಓರ್ ಅವರ ಕೈಗೆ ಹೋಯಿತು. ಕೇಳುವಾಗ ಡ್ರಮ್ಸಿನ ನಡೆ ಬದಲಾಗಿದೆ ಅನಿಸಿದರೆ ನಿಮ್ಮ ಕಿವಿ ಸರಿಯಾಗಿಯೇ ಇದೆ.

ನನ್ನ ಪಟ್ಟಿಯನ್ನು ಕಾಕಾನಿಗೆ ತೋರಿಸಿದಾಗ ಅವರು ಎಲ್ಲ ಬಿಟ್ಟು ಒಂದೇ ಕೇಳಿದರು: "ತಬಲಾ ಯಾರ್ದು?" 'ಇಂಡೋ-ಜಾಝ್ ಸೂಟ್'ನಲ್ಲಿ ಕೇಶವ ಸಾಠೆ ಅಂದೆ. ಸಿತಾರಕ್ಕೆ ದಿವಾನ್ ಮೋತಿಹಾರ್, ತಂಬೂರಿಗೆ ಚಂದ್ರಹಾಸ ಪೈಗಣಕರ್. ಕಾಕಾ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮ ಹಳೇ ಪ್ಲೇಟಿನ ಮ್ಯಾಲೆ ಹಾಡಿದವರ ಹೆಸರು ಇರ್ತಿತ್ತು. ಸಾಥ್ ಮಾಡಿದವರದು ಎಲ್ಲಿ ಇರ್ತಿತ್ತು?" ಆ ಮಾತು ನನ್ನನ್ನು ಬಿಟ್ಟಿಲ್ಲ. ಅವತ್ತಿನಿಂದ ನನ್ನ ಪಟ್ಟಿಯಲ್ಲಿ ಜೊತೆಗಾರರ ಕಾಲಮೇ ಎಲ್ಲಕ್ಕಿಂತ ಅಗಲ. ಜೊತೆಗಾರರ ಹೆಸರು ಹಿಡಿದು ಹೋದರೆ ಹೊಸ ಬಾಗಿಲುಗಳೂ ತೆರೆಯುತ್ತವೆ. ಮೋತಿಹಾರ್, ಸಾಠೆ ಇಬ್ಬರೂ 1967ರಲ್ಲಿ ಜರ್ಮನಿಯಲ್ಲಿ ಐರೀನ್ ಶ್ವೈಟ್ಸರ್ ಅನ್ನುವ ಸ್ವಿಸ್ ಫ್ರೀ ಜಾಝ್ ಪಿಯಾನೋ ವಾದಕಿಯ ತಂಡದೊಡನೆ 'ಜಾಝ್ ಮೀಟ್ಸ್ ಇಂಡಿಯಾ' ರೆಕಾರ್ಡಿಗೆ ನುಡಿಸಿದ್ದಾರೆ. ಹ್ಯಾರಿಯಟ್ ಹೆಸರನ್ನಷ್ಟೇ ಹುಡುಕುತ್ತಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ.

ಹಂತ 4: ಪ್ಲೇಟನ್ನೇ ಓದಿ

ಅಂತರ್ಜಾಲದಲ್ಲಿ ಡಿಸ್ಕಾಗ್ಸ್ ಅನ್ನುವ ದೊಡ್ಡ ದಾಖಲೆ ಇದೆ. ಅಲ್ಲಿ ಬರೆಯುವವರು ನಮ್ಮ ನಿಮ್ಮಂಥ ಸಂಗ್ರಾಹಕರು. ಹಾಗಾಗಿ ಟೈಪ್ ಮಾಡಿದ ಮಾಹಿತಿಗಿಂತ ಅವರು ಹಾಕಿದ ಫೋಟೋಗಳನ್ನು ನಂಬಿ. ಲೇಬಲ್, ಕವರಿನ ಹಿಂಭಾಗ, ಮತ್ತು ಲೇಬಲ್ ಸುತ್ತ ಹಾಡು ಮುಗಿದ ಮೇಲಿನ ಖಾಲಿ ಜಾಗ, ಈ ಮೂರನ್ನೂ ದೊಡ್ಡದು ಮಾಡಿ ನೋಡಿ.

ಆ ಖಾಲಿ ಜಾಗದಲ್ಲಿ ಒತ್ತಿದ ಅಕ್ಷರಗಳಿರುತ್ತವೆ. ಅಭ್ಯಾಸಕ್ಕೆ ಹಳೆಯ ಇಂಗ್ಲೆಂಡ್ ಎಚ್‌ಎಂವಿ ಅಥವಾ ಕೊಲಂಬಿಯಾ ಎಲ್‌ಪಿ ಸಿಕ್ಕರೆ ಒಳ್ಳೆಯದು. ಪ್ಲೇಟನ್ನು ಅಂಚಿನಲ್ಲಿ ಹಿಡಿದು ಟೇಬಲ್ ಲೈಟಿನ ಕೆಳಗೆ ನಿಧಾನವಾಗಿ ಓರೆ ಮಾಡಿ. ಒಂದು ಕೋನದಲ್ಲಿ ಅಕ್ಷರಗಳು ಥಟ್ಟನೆ ಬೆಳ್ಳಗೆ ಎದ್ದು ಕಾಣುತ್ತವೆ. ಉದ್ದದ ನಂಬರು ಕೆಳಗೆ ಬರುವಂತೆ ಹಿಡಿಯಿರಿ. ಅದು ಮ್ಯಾಟ್ರಿಕ್ಸ್ ನಂಬರು, ಯಾವ ಮೂಲದಿಂದ ಕೊರೆದದ್ದು ಅಂತ ಹೇಳುತ್ತದೆ. ಬಲಗಡೆ ಒಂದೋ ಎರಡೋ ಅಕ್ಷರ ಇರುತ್ತವೆ. ಅದು ಅಚ್ಚಿನ ಲೆಕ್ಕ. ಈ ಪ್ಲೇಟುಗಳನ್ನು ಒತ್ತುತ್ತಿದ್ದ 'ಗ್ರಾಮಫೋನ್ ಕಂಪನಿ'ಯ ಹೆಸರಿನಿಂದಲೇ ಹತ್ತು ಅಕ್ಷರ ತೆಗೆದು ಅಂಕಿಗಳ ಬದಲು ಬಳಸುತ್ತಿದ್ದರು: ಜಿ ಅಂದರೆ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಸೊನ್ನೆ. 'ಜಿ ಎ' ಅಂತ ಇದ್ದರೆ 13ನೇ ಅಚ್ಚು. ಸಣ್ಣ ಅಂಕಿ ಅಂದರೆ ಮೊದಮೊದಲು ಒತ್ತಿದ ಪ್ರತಿ. ಈ ಗುಟ್ಟು ತಿಳಿದ ರಾತ್ರಿ ಮನೆಯಲ್ಲಿದ್ದ ಅಂಥ ಪ್ಲೇಟುಗಳನ್ನೆಲ್ಲ ಕೆಳಗಿಳಿಸಿ ಕೂತಿದ್ದೆ.

ಆದರೆ ನೆನಪಿಡಿ, ಇದು ಒತ್ತಿದ ಕಾಲದ ಅಂದಾಜು. ಹಾಡಿದ, ನುಡಿಸಿದ ದಿನವನ್ನು ಇದು ಹೇಳುವುದಿಲ್ಲ.

ಹಂತ 5: ಬದುಕಿನ ದಿನಗಳನ್ನು ಒಂದೊಂದಾಗಿ ಪೋಣಿಸಿ

ಜೀವನದ ಘಟನೆಗಳಿಗೆ ಬೇರೆ ಪಟ್ಟಿ ಮಾಡಿ. ಒಂದು ಸಾಲಿಗೆ ಒಂದೇ ಸಂಗತಿ, ಪಕ್ಕದಲ್ಲಿ ಅದು ಸಿಕ್ಕ ಜಾಗ. ಜಾಗ ಇಲ್ಲದ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ.

ಮೊದಲು ಹೆಸರು. ನಮ್ಮಲ್ಲೇ ನೋಡಿ, ಗಂಗೂಬಾಯಿ ಹಾನಗಲ್ ಅವರ ಮೊದಲ ಪ್ಲೇಟುಗಳು ಬಂದದ್ದು 'ಗಾಂಧಾರಿ ಹುಬ್ಳಿ' ಅನ್ನುವ ಹೆಸರಿನಲ್ಲಿ. ಸವಾಯಿ ಗಂಧರ್ವರನ್ನು ಹುಡುಕುವವರು ರಾಮಭಾವು ಕುಂದಗೋಳಕರ ಅಂತಲೂ ಹುಡುಕಬೇಕು. ಇದು ಗೊತ್ತಿಲ್ಲದ ಹೊರಗಿನವರು ನಮ್ಮ ಅರ್ಧ ಚರಿತ್ರೆಯನ್ನೇ ದಾಟಿಹೋಗುತ್ತಾರೆ. ಹ್ಯಾರಿಯಟ್ ಹೆಸರಿನಲ್ಲಿ 'ಆರ್' ಒಂದೋ ಎರಡೋ, 'ಟಿ' ಒಂದೋ ಎರಡೋ ಅಂತ ಪತ್ರಿಕೆಗಳು ತಪ್ಪು ಮಾಡಿರಬಹುದು ಅಂದುಕೊಂಡೇ ಎಲ್ಲ ರೀತಿಯಲ್ಲೂ ಹುಡುಕಿ.

ಜಮೈಕಾದ ದಿನಗಳಿಗೆ ಅಲ್ಲಿನ 'ಗ್ಲೀನರ್' ಪತ್ರಿಕೆ ಇದೆ. 1834ರಿಂದ ಬರುತ್ತಿರುವ ಪತ್ರಿಕೆ ಅದು. ಹ್ಯಾರಿಯಟ್ ಓದಿದ್ದು ಕಿಂಗ್‌ಸ್ಟನ್ನಿನ ಆಲ್ಫಾ ಬಾಯ್ಸ್ ಶಾಲೆಯಲ್ಲಿ. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆ ಶಾಲೆಯ ಬ್ಯಾಂಡಿನಿಂದ ಜಮೈಕಾದ ಎಷ್ಟೋ ಕಲಾವಿದರು ಬಂದರು. ಇದನ್ನು ಓದುವಾಗ ನನಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ದಿಕ್ಕಿಲ್ಲದ ಮಕ್ಕಳ ಕೈಗೆ ವಾದ್ಯ ಕೊಟ್ಟ ಜಾಗಗಳು ಎರಡೂ. ಕಲಾವಿದರ ಬಗ್ಗೆ ಏನೂ ಸಿಗದಿದ್ದಾಗ ಅವರು ಬೆಳೆದ ಸಂಸ್ಥೆಯನ್ನು ಹುಡುಕಿ, ಕೆಲವು ಸಲ ಬಾಗಿಲು ಅಲ್ಲಿಂದ ತೆರೆಯುತ್ತದೆ.

ಇಂಗ್ಲೆಂಡಿನ ದಿನಗಳಿಗೆ ಬಿಬಿಸಿ ಜೀನೋಮ್ ಅನ್ನುವ ಉಚಿತ ತಾಣ ಇದೆ. 1923ರಿಂದ 2009ರವರೆಗಿನ 'ರೇಡಿಯೋ ಟೈಮ್ಸ್' ಪತ್ರಿಕೆಯ ಕಾರ್ಯಕ್ರಮ ಪಟ್ಟಿಗಳು ಅಲ್ಲಿವೆ. ಹೆಸರು ಹಾಕಿದರೆ ಯಾವ ದಿನ ಎಷ್ಟು ಹೊತ್ತಿಗೆ ಪ್ರಸಾರ ಅಂತ ಬರುತ್ತದೆ. ಆದರೆ ಅದು ಮುಂಚೆಯೇ ಅಚ್ಚಾದ ಪಟ್ಟಿ. ಆ ದಿನ ಹಾಗೇ ನಡೆಯಿತು ಅನ್ನುವುದಕ್ಕೆ ಅದೊಂದೇ ಸಾಕ್ಷಿ ಸಾಲದು. 1950ರಲ್ಲಿ ಶುರುವಾದ ನಮ್ಮ ಧಾರವಾಡ ಆಕಾಶವಾಣಿಯ ಹಳೆಯ ಪಟ್ಟಿಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಎಸೆಕ್ಸ್‌ನ ಲೌಟನ್ ಊರಿನಲ್ಲಿ 1988ರಲ್ಲಿ ಶುರುವಾದ ನ್ಯಾಷನಲ್ ಜಾಝ್ ಆರ್ಕೈವ್ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಹಾಕಿದೆ. ಅಮೆರಿಕದ 'ಡೌನ್ ಬೀಟ್' ಪತ್ರಿಕೆಯ ಹಳೆಯ ಸಂಚಿಕೆಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. 'ಅಬ್‌ಸ್ಟ್ರ್ಯಾಕ್ಟ್'ಗೆ ಆ ಪತ್ರಿಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತ್ತು. ಅಂಥ ವಿಮರ್ಶೆಯನ್ನು ಬೇರೆಯವರು ಉದ್ಧರಿಸಿದ ಸಾಲಿನಲ್ಲಿ ಓದಿ ಬಿಡಬೇಡಿ, ಇಡೀ ಪುಟ ನೋಡಿ. ಪಕ್ಕದ ಜಾಹೀರಾತು, ಅದೇ ವಾರದ ಬೇರೆ ರೆಕಾರ್ಡುಗಳು ಆ ಕಾಲದ ಗಾಳಿಯನ್ನೇ ತಂದುಕೊಡುತ್ತವೆ.

ಅಲನ್ ರಾಬರ್ಟ್‌ಸನ್ ಬರೆದ ಹ್ಯಾರಿಯಟ್ ಜೀವನಚರಿತ್ರೆ ಇದೆ. ಅದನ್ನು ನಾನು ಈ ಹಂತದವರೆಗೂ ಮುಟ್ಟಲಿಲ್ಲ. ನನ್ನ ಪಟ್ಟಿ ಒಂದು ರೂಪಕ್ಕೆ ಬಂದ ಮೇಲೆ ಓದಿದ್ದರಿಂದ ಪ್ರತಿ ಪುಟದಲ್ಲೂ ಮಾತಾಡಲು ನನ್ನ ಹತ್ತಿರ ಏನಾದರೂ ಇತ್ತು.

ಹಂತ 6: ದಂತಕಥೆಗಳನ್ನು ಒರೆಗೆ ಹಚ್ಚಿ

ಕಷ್ಟದಲ್ಲಿ ಸತ್ತ ಕಲಾವಿದರ ಸುತ್ತ ಕಥೆ ಬೇಗ ಬೆಳೆಯುತ್ತದೆ. ಅಮೆರಿಕದ ಫ್ರೀ ಜಾಝ್ ಸ್ಯಾಕ್ಸೋಫೋನ್ ವಾದಕ ಆಲ್ಬರ್ಟ್ ಐಲರ್ ಅವರ ದೇಹ 1970ರ ನವೆಂಬರಿನಲ್ಲಿ ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಸಿಕ್ಕಿತು. ಅದು ನಿಜ. ಜ್ಯೂಕ್‌ಬಾಕ್ಸಿಗೆ ಕಟ್ಟಿ ಮುಳುಗಿಸಿದ್ದರು ಅನ್ನುವುದು ಬಾಯಿಂದ ಬಾಯಿಗೆ ಬಂದ ಕಥೆ. ಹ್ಯಾರಿಯಟ್ ಬಗ್ಗೆ ಇರುವ ಕಥೆ ಬೇರೆ ತರಹದ್ದು: ಇವರು ಆರ್ನೆಟ್ ಕೋಲ್ಮನ್ ಅವರ ನಕಲು ಅಂತ. ಇಲ್ಲಿ ಹಂತ 3ರ ತಾರೀಖುಗಳು ಕೆಲಸಕ್ಕೆ ಬರುತ್ತವೆ. ಕೋಲ್ಮನ್ 1959ರಲ್ಲೇ ಹೆಸರಾಗಿದ್ದರು, ಅದನ್ನು ಮುಚ್ಚಿಡುವ ಹಾಗಿಲ್ಲ. ಆದರೆ ಹ್ಯಾರಿಯಟ್ ತಮ್ಮ ದಾರಿ ತಮ್ಮದೇ ಅಂತ ಕೊನೆಯವರೆಗೂ ಹೇಳಿದರು. ಎರಡೂ ರೆಕಾರ್ಡುಗಳನ್ನು ಬೆನ್ನಿಗೆ ಬೆನ್ನು ಕೇಳಿ. ಕೋಲ್ಮನ್ ಅವರದು ಎಂಟು ಜನರ ದೊಡ್ಡ ಹರಿವು. ಹ್ಯಾರಿಯಟ್ ಅವರದು ಐದು ಜನ ಸಣ್ಣ ಸಣ್ಣ ತುಂಡುಗಳಲ್ಲಿ ಮಾತಾಡಿಕೊಂಡ ಹಾಗೆ. ನಕಲು ಅನ್ನುವ ಮಾತನ್ನು ನನ್ನ ಕಿವಿ ಒಪ್ಪುವುದಿಲ್ಲ.

ಹಂತ 7: ನಿಮ್ಮ ಊರಿನ ಕಿವಿಯನ್ನು ಬಳಸಿ

ಲಂಡನ್ನಿನ ಸಂಶೋಧಕರ ಹತ್ತಿರ ಕಾಗದಪತ್ರ ಇದೆ. ನಮ್ಮ ಹತ್ತಿರ ರಾಗದ ನೆನಪು ಇದೆ. 'ಇಂಡೋ-ಜಾಝ್ ಸೂಟ್' 1966ರಲ್ಲಿ ಬಂತು. ಅದನ್ನು ಬರೆದವರು ಜಾನ್ ಮೇಯರ್. ಕಲ್ಕತ್ತಾದಲ್ಲಿ ಹುಟ್ಟಿ ಲಂಡನ್ನಿನ ಆರ್ಕೆಸ್ಟ್ರಾಗಳಲ್ಲಿ ವಯಲಿನ್ ನುಡಿಸಿದವರು. ಅದರಲ್ಲಿ ಒಂದು ಭಾಗ ರಾಗ ಮೇಘ, ಇನ್ನೊಂದು ರಾಗ ಗೌಡ ಸಾರಂಗ. ಕವರಿನ ಮೇಲೆ ರಾಗದ ಹೆಸರು ಇದೆ ಅಂದ ಮಾತ್ರಕ್ಕೆ ರಾಗ ಇದೆಯೇ? ಇದನ್ನು ಹೇಳಬಲ್ಲವರು ಹುಬ್ಬಳ್ಳಿ-ಧಾರವಾಡದಲ್ಲಿ ಗಲ್ಲಿಗೊಬ್ಬರು ಇದ್ದಾರೆ.

ಕಾಕಾ ಹಾರ್ಮೋನಿಯಂ ತೆಗೆದು ಗೌಡ ಸಾರಂಗದ ಗುರುತಿನ ನಡೆ ತೋರಿಸಿದರು: ಸಾ ಗ ರೇ ಮ ಗ. ನೇರ ಹತ್ತುವ ರಾಗ ಅಲ್ಲ ಅದು, ಒಂದು ಹೆಜ್ಜೆ ಮುಂದೆ ಇಟ್ಟು ತಿರುಗಿ ನೋಡುವ ರಾಗ. ಎರಡೂ ಮಧ್ಯಮ ಬರುತ್ತವೆ. "ಇದನ್ನ ಕಿವಿಯಾಗ ಇಟ್ಕೊಂಡು ಕೇಳು. ಎಲ್ಲಿ ಸಿಗ್ತದ, ಎಲ್ಲಿ ಸಿಗಂಗಿಲ್ಲ, ಎರಡೂ ಬರಿ" ಅಂದರು. ಹಂತ 2ರ ಹಾಳೆಯನ್ನೇ ಮತ್ತೆ ತೆಗೆದೆ. ಈ ಸಲ ಕಾಲಮುಗಳು ಬೇರೆ: ಈ ನಡೆ ಯಾವ ವಾದ್ಯದಲ್ಲಿ ಬಂತು, ಬರೆದಿಟ್ಟ ಭಾಗದಲ್ಲೋ ಆ ಹೊತ್ತಿಗೆ ಹುಟ್ಟಿದ ಭಾಗದಲ್ಲೋ. ಹತ್ತು ಜನ ಕೂಡಿ ಒಂದೇ ಸ್ವರಸಾಲು ನುಡಿಸಿದರೆ ಅದು ಮೇಯರ್ ಬರೆದದ್ದು ಇರಬೇಕು. ಸ್ಯಾಕ್ಸೋಫೋನ್ ಒಂಟಿಯಾಗಿ ಹೊರಟಾಗ ಕೇಳುವುದು ಹ್ಯಾರಿಯಟ್ ಅವರ ಮನಸ್ಸು. ನಿಮಗೆ ರಾಗ ಬರದಿದ್ದರೆ ಗೊತ್ತಿರುವವರ ಪಕ್ಕ ಕೂತು ಕೇಳಿಸಿ, ಅವರು ಕೈ ಎತ್ತಿದ ಕಡೆ ಸಮಯ ಬರೆದುಕೊಳ್ಳಿ.

ಹಂತ 8: ಪತ್ರ ಬರೆಯಿರಿ

ಗ್ರಂಥಾಲಯಗಳಿಗೆ, ಆರ್ಕೈವ್‌ಗಳಿಗೆ ಇಮೇಲ್ ಮಾಡಲು ಹಿಂಜರಿಯಬೇಡಿ. "ಹ್ಯಾರಿಯಟ್ ಬಗ್ಗೆ ಏನಿದೆ ಕಳಿಸಿ" ಅಂದರೆ ಉತ್ತರ ಬರುವುದು ಕಷ್ಟ. ಇಂಥ ಪತ್ರಿಕೆಯ ಇಂಥ ತಿಂಗಳ ಸಂಚಿಕೆಯಲ್ಲಿ ಇಂಥ ವಿಮರ್ಶೆ ಇದೆಯೇ ಅಂತ ಕೇಳಿ. ಒಂದು ಪತ್ರಕ್ಕೆ ಒಂದೇ ಪ್ರಶ್ನೆ. ಈವರೆಗೆ ಏನು ನೋಡಿದ್ದೀರಿ ಅಂತ ಎರಡು ಸಾಲು ಬರೆದರೆ ಅವರಿಗೂ ಕೆಲಸ ಹಗುರ.

ಜನರನ್ನು ಕೇಳುವುದಿದ್ದರೆ ತಡ ಮಾಡಬೇಡಿ. ಹ್ಯಾರಿಯಟ್ ಅವರ ಬಾಸ್ ವಾದಕ ಕೋಲ್‌ರಿಜ್ ಗೂಡ್ 100 ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ನಾನು ಹುಡುಕಲು ಶುರು ಮಾಡಿದಾಗ ಅವರಿರಲಿಲ್ಲ. ವಯಸ್ಸಾದವರ ಮುಂದೆ "ನಿಮ್ಮ ನೆನಪು ಹೇಳಿ" ಅನ್ನುವ ಬದಲು ಒಂದು ಹಳೆಯ ಫೋಟೋ ಇಡಿ, ಇಲ್ಲವೇ ಒಂದು ಟ್ರ್ಯಾಕ್ ಹಾಕಿ. ಅದು ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರಿ, ಮಾತು ತಾನೇ ಬರುತ್ತದೆ. ಅವರ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಅವತ್ತೇ ರಾತ್ರಿ ಬರಹಕ್ಕೆ ಇಳಿಸಿ.

ಹಂತ 9: ಬರೆದು ಹೊರಗಿಡಿ

ಎಲ್ಲ ತಿಳಿದ ಮೇಲೆ ಬರೆಯುತ್ತೇನೆ ಅಂತ ಕಾಯಬೇಡಿ. ಪಟ್ಟಿಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ನಾಲ್ಕು ವಾಕ್ಯ ಮಾಡಿ. ಕನ್ನಡ ವಿಕಿಪೀಡಿಯಕ್ಕೆ ಹಾಕುವುದಾದರೆ ಅಚ್ಚಿನಲ್ಲಿ ಸಿಕ್ಕ ಸಂಗತಿಯನ್ನು ಮಾತ್ರ ಹಾಕಿ. ನಿಮ್ಮ ಕಿವಿಯ ತೀರ್ಮಾನ ನಿಮ್ಮ ಹೆಸರಿನ ಲೇಖನದಲ್ಲಿ ಇರಲಿ. ಹಾಡುಗಳನ್ನೇ ಎತ್ತಿ ಹಂಚಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಿಕೆಗೆ ಹೊರಬಂದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ರಚನೆಯ ಹಕ್ಕು ಬೇರೆಯೇ ಇರುತ್ತದೆ.

ಪಟ್ಟಿಯ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಇಮೇಲಿನಲ್ಲಿ, ಒಂದು ಕಾಗದದಲ್ಲಿ ಇಡಿ. ಕಾಗದದ ಪ್ರತಿಯನ್ನು ನಾನು ಕಾಕಾನ ಮನೆಯಲ್ಲಿ ಇಟ್ಟಿದ್ದೇನೆ. ಅದರ ಕೊನೆಯ ಹಾಳೆಯಲ್ಲಿ ಅವರು ತಮ್ಮ ಕೈಯಿಂದಲೇ ಇನ್ನೊಂದು ಪಟ್ಟಿ ಶುರು ಮಾಡಿದ್ದಾರೆ: ತಾವು ಕೇಳಿದ ಬೈಠಕ್ಕುಗಳು, ಊರು, ವರ್ಷ, ಹಾಡಿದವರು. ತಬಲಾ ಅಂತ ಬರೆದ ಕಾಲಮಿನಲ್ಲಿ ಈವರೆಗೆ ಹನ್ನೊಂದು ಹೆಸರು ತುಂಬಿವೆ.